ಸೋಮವಾರ ಬಿಚ್ಚಿದ ಕಂಪ್ರೆಸರ್

ನಮ್ಮ ಮನೆಯವರಿಗೆ ಕಿವಿ ಮಂದವಾಗಿದೆ ಎನ್ನುವುದು ಊರಿಗೆಲ್ಲ ಗೊತ್ತಾಗಿ, ಕೊನೆಗೆ ನನಗೆ ಗೊತ್ತಾಯಿತು. ಇದಕ್ಕೆ ಕಾರಣ ನನ್ನ ದನಿ. ಗಜೇಂದ್ರಗಡದ ಶಾಲೆಯಲ್ಲಿ ವರ್ಷಾನುಗಟ್ಟಲೆ ಸಣ್ಣ ಮಕ್ಕಳಿಗೆ ಪಾಠ ಹೇಳಿ ನನ್ನ ಗಂಟಲು ಎಂಥದಾಗಿದೆ ಎಂದರೆ, ಅಡುಗೆಮನೆಯಲ್ಲಿ ನಿಂತು ಉಪ್ಪು ಬೇಕೇ ಎಂದು ಗಂಡನನ್ನು ಕೇಳಿದರೆ ಎದುರು ಮನೆಯವರು ಬೇಡ ಎನ್ನುತ್ತಾರೆ. ಹೀಗಾಗಿ ನಾನು ಹೇಳಿದ್ದೆಲ್ಲ ಅವರಿಗೆ ಕೇಳುತ್ತಲೇ ಇತ್ತು. ಉಳಿದವರು ಹೇಳಿದ್ದಕ್ಕೆ ಅವರು ತಲೆಯಾಡಿಸಿ ಹೂಂ ಎನ್ನುತ್ತಿದ್ದರು. ಗಂಡಸರು ಹೂಂ ಎನ್ನುವುದರಲ್ಲಿ ವಿಶೇಷವೇನಿದೆ ಎಂದು ನಾನೂ ತಲೆಕೆಡಿಸಿಕೊಂಡಿರಲಿಲ್ಲ.

ಅವರ ಕೆಲಸ ಬಾವಿಗಳದು. ಟ್ರ್ಯಾಕ್ಟರಿನ ಹಿಂದೆ ಕೂರಿಸಿದ ಒಂದು ಕಂಪ್ರೆಸರ್ ನಮ್ಮಲ್ಲಿದೆ. ಅದರೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುತ್ತ ಗಾಳಿಯನ್ನು ಒತ್ತಿ ಟಾಕಿಯಲ್ಲಿ ತುಂಬುತ್ತವೆ, ಆ ಗಾಳಿ ಕೊಳವೆಯಲ್ಲಿ ಹೋಗಿ ಬಾವಿಯ ತಳದಲ್ಲಿ ಕಲ್ಲು ಕೊರೆಯುವ ಡ್ರಿಲ್ ಓಡಿಸುತ್ತದೆ. ನರಗುಂದದ ಕಡೆ ಮೇಲೆ ಕರಿಮಣ್ಣು, ಕಲ್ಲು ತಡವಾಗಿ ಸಿಗುತ್ತದೆ. ನಮ್ಮ ಗುಡ್ಡದ ಕಡೆ ಸಲಿಕೆ ಹಾಕುವ ಮೊದಲೇ ಕಲ್ಲು. ರೋಣದ ಆಸುಪಾಸಿನಲ್ಲಿ ಎರಡೂ ಉಂಟು. ಈ ಮೂರೂ ಕಡೆ ಅವರು ಇಳಿಯದ ಬಾವಿ ಕಡಿಮೆ. ಬಾವಿಯೊಳಗಿನ ಡ್ರಿಲ್ಲಿನ ಸಪ್ಪಳ ಹೊರಗೆ ಹೋಗುವುದಿಲ್ಲ, ಗೋಡೆಗೆ ಬಡಿದು ತಿರುಗಿ ಕಿವಿಗೇ ಬರುತ್ತದೆ. ಹರೆಯದಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳಿರೆಂದರೆ ನಕ್ಕುಬಿಡುತ್ತಿದ್ದರು.

ಈ ಮಷಿನ್ನಿಗೆ ನಮ್ಮ ಮನೆಯಲ್ಲಿ ಸೋಮವಾರ ರಜೆ. ನಮ್ಮ ಕಡೆ ಸೋಮವಾರ ಎತ್ತುಗಳ ಕೊರಳಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ನಮ್ಮ ಮಾವನವರು ತೀರಿಕೊಂಡ ಮೇಲೆ ಮನೆಯವರು ಎತ್ತು ಕೊಟ್ಟು ಮಷಿನ್ ತರಲು ಹೊರಟಾಗ ಅತ್ತೆ ಒಂದು ಮಾತು ತೆಗೆದುಕೊಂಡರಂತೆ. ಎತ್ತಿನ ಜಾಗಕ್ಕೆ ಬಂದದ್ದಕ್ಕೆ ಎತ್ತಿನ ಮರ್ಯಾದೆಯೇ ಸಲ್ಲಬೇಕು, ಸೋಮವಾರ ಅದನ್ನು ಚಾಲೂ ಮಾಡಕೂಡದು. ಅಂದಿನಿಂದ ಸೋಮವಾರ ನಮ್ಮ ಅಂಗಳದಲ್ಲಿ ಕೀಲಿ ತಿರುಗುವುದಿಲ್ಲ. ಬೇರೆ ಮಷಿನ್ನಿನವರು ಇದನ್ನು ಆಡಿಕೊಂಡು ನಗುತ್ತಿದ್ದರು. ನಾನೂ ಮದುವೆಯಾಗಿ ಬಂದ ಹೊಸದರಲ್ಲಿ, ಹಾಗಾದರೆ ಇದಕ್ಕೆ ಹಿಂಡಿ ಯಾವಾಗ ಇಡುವುದು ಎಂದು ಕೇಳಿ ಅತ್ತೆಯಿಂದ ಬೈಸಿಕೊಂಡಿದ್ದೇನೆ.

ನನ್ನ ತವರು ಕೊಣ್ಣೂರು. ಮಲಪ್ರಭೆ ಏರಿದರೆ ಸೇತುವೆ ಮುಳುಗುವ ಊರು. ಹೊಳೆಯ ಸಪ್ಪಳ ಬದಲಾದರೆ ನಮ್ಮ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಿದ್ದೆವು. ಆ ಅಭ್ಯಾಸ ನನ್ನಲ್ಲಿ ಉಳಿದಿದೆ. ಹೋದ ಬೇಸಿಗೆಯಲ್ಲಿ ಒಂದು ದಿನ ಕಂಪ್ರೆಸರ್ ಅಂಗಳದಲ್ಲಿ ಓಡುತ್ತಿದ್ದಾಗ ಅದರ ಹೊಟ್ಟೆಯೊಳಗಿಂದ ಟಕ್ ಟಕ್ ಎಂಬ ಬಡಿತ ಕೇಳಿ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಹೊರಗೆ ಹೋಗಿ ಹೇಳಿದೆ. ಅವರು ಮಷಿನ್ನಿನ ಕಡೆ ನೋಡಿ, ಏನೂ ಇಲ್ಲ, ಬೆಲ್ಟಿನದು ಎಂದರು. ಬೆಲ್ಟಿನದಾದರೆ ಹೊರಗಿನಿಂದ ಬರಬೇಕಿತ್ತು. ಮರುದಿನ ಮತ್ತೆ ಹೇಳಿದೆ. ಆಗ ಸಿಟ್ಟು ಮಾಡಿದರು. ಸಾಲಿ ಮಾಸ್ತರಗಿತ್ತಿ ಸಾಲಿ ನೋಡಿಕೊಂಡರೆ ಸಾಕು ಎಂದರು. ನನಗೂ ಸಿಟ್ಟು ಬಂತು, ಎರಡು ದಿನ ನಾನು ಮಾತು ಬಿಟ್ಟೆ. ಅದರಿಂದ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಅತ್ತೆ ಮಾತಾಡಿಸಿದರೂ ಇವರು ಬರೀ ಹೂಂ ಎನ್ನುವುದು ಆಗ ನನ್ನ ಗಮನಕ್ಕೆ ಬಂತು. ಅತ್ತೆ, ಅನ್ನಕ್ಕೆ ಸಾರು ಹಾಕಲೋ ಮಜ್ಜಿಗೆ ಹಾಕಲೋ ಎಂದು ಕೇಳಿದ್ದರು. ಅದಕ್ಕೂ ಹೂಂ.

ನನಗೆ ತಲೆಯ ಮೇಲೆ ನೀರು ಸುರಿದಂತಾಯಿತು. ಇವರಿಗೆ ಮಷಿನ್ನಿನ ಬಡಿತ ಕೇಳಿಸುತ್ತಲೇ ಇರಲಿಲ್ಲ. ಒಂದು ಕಾಲಕ್ಕೆ ಬೇರೆಯವರ ಮಷಿನ್ ಕೆಟ್ಟರೂ ಇವರನ್ನೇ ಕರೆಯುತ್ತಿದ್ದರು. ಒಂದು ಮರದ ಹಿಡಿಕೆಯ ತುದಿಯನ್ನು ಮಷಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಹಿಡಿದು, ಇಂಥದೇ ಬೇರಿಂಗ್ ಹೋಗಿದೆ ಎಂದು ಹೇಳಿ ಚಹಾ ಕುಡಿದು ಬರುತ್ತಿದ್ದ ಮನುಷ್ಯ.

ಇಟಗಿಯಲ್ಲಿ ಒಂದು ಬಾವಿಯ ಕೆಲಸ ನಡೆದಾಗ ಇದನ್ನು ಇವರೂ ಒಪ್ಪಿಕೊಳ್ಳಬೇಕಾಯಿತು. ಬಡಿತ ಅಷ್ಟರಲ್ಲಿ ಜೋರಾಗಿತ್ತು. ಬಾವಿಯ ಮಾಲೀಕ ದಿಬ್ಬದ ಮೇಲೆ ನಿಂತು ಮಷಿನ್ ನಿಲ್ಲಿಸಿರೆಂದು ಕೂಗಿದನಂತೆ. ಇವರು ಹೂಂ ಎಂದು ತಲೆಯಾಡಿಸಿ ಇನ್ನಷ್ಟು ರೇಸು ಕೊಟ್ಟರಂತೆ. ಕೊನೆಗೆ ಡ್ರಿಲ್ ಹಿಡಿದವರು ಮೇಲೆ ಬಂದು ತಾವೇ ಬಂದ್ ಮಾಡಿದರು. ಯಾರೂ ಕೆಟ್ಟ ಮಾತಾಡಲಿಲ್ಲ, ಅದೇ ಇವರಿಗೆ ಹೆಚ್ಚು ಚುಚ್ಚಿತು. ಮನೆಗೆ ಬಂದು ಕೈಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತು, ಮಷಿನ್ ಮಾರುತ್ತೇನೆ ಎಂದರು.

“ಕಿವಿ ಇಲ್ಲದಾವನ ಕೈಯಾಗ ಮಷಿನ್ ಇರಬಾರದು,” ಎಂದರು. “ನಾಳಿ ಒಬ್ಬರ ಕೈಯೋ ಕಾಲೋ ಹೋದ್ರ ಯಾರು ಕೊಡ್ತಾರ?”

ಆ ಮಾತು ಸರಿಯೇ. ಆದರೆ ಮಷಿನ್ ಬಿಟ್ಟು ಇವರು ಮಾಡುವುದಾದರೂ ಏನು? ಹೊಟ್ಟೆಬಟ್ಟೆಯ ಮಾತಲ್ಲ, ನನ್ನ ಸಂಬಳವಿದೆ. ಇವರಿಗೆ ಹೊಲಕ್ಕಿಂತ, ಮನೆಗಿಂತ, ಒಮ್ಮೊಮ್ಮೆ ನನಗಿಂತ ಆ ಕಬ್ಬಿಣವೇ ಹತ್ತಿರದ್ದು. ಅದು ಹೋದರೆ ಇವರು ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೂಂ ಎನ್ನುತ್ತ ಉಳಿಯುತ್ತಾರೆ. ಅದನ್ನು ನೆನೆದರೇ ನನಗೆ ಅಳು ಬರುತ್ತಿತ್ತು. ಗಂಡನ ಕಿವಿ ಹೋದದ್ದಕ್ಕಿಂತ ಅವರ ಧೈರ್ಯ ಹೋದದ್ದು ನನಗೆ ದೊಡ್ಡ ಸಂಕಟವಾಗಿತ್ತು. ಗದಗಿಗೆ ಹೋಗಿ ಕಿವಿ ತೋರಿಸೋಣ ಎಂದೆ. ಕಿವಿಗೆ ಮಷಿನ್ ಹಾಕಿಕೊಂಡು ಊರಲ್ಲಿ ತಿರುಗಲೇನು ಎಂದು ಎದ್ದು ಹೋದರು.

ನರಗುಂದದಲ್ಲಿ ಹಳೆಯ ಮಷಿನ್ನುಗಳನ್ನು ಕೊಂಡು ಮಾರುವ ಒಬ್ಬ ವ್ಯಾಪಾರಿ ಇದ್ದಾರೆ. ಇವರು ಅವರಿಗೆ ಹೇಳಿಕಳಿಸಿದರು. ಮಂಗಳವಾರ ಬಂದು ಓಡಿಸಿ ನೋಡುತ್ತೇನೆ, ಸಪ್ಪಳ ಚೆನ್ನಾಗಿದ್ದರೆ ಅಂದೇ ಒಯ್ಯುತ್ತೇನೆ ಎಂದು ಅಲ್ಲಿಂದ ಸುದ್ದಿ ಬಂತು. ಬಡಿಯುವ ಮಷಿನ್ ಯಾರಿಗೆ ಬೇಕು, ಬೇರಿಂಗ್ ಹಾಕಿಯೇ ಮಾರಿರಿ ಎಂದೆ ನಾನು. ಅದು ಅವರಿಗೆ ಸರಿ ಎನಿಸಿತು. ನನ್ನ ಲೆಕ್ಕ ಬೇರೆ ಇತ್ತು. ಮೈಗೆ ಎಣ್ಣೆ ಹತ್ತಿದರೆ ಮನಸ್ಸು ತಿರುಗೀತು ಎಂದುಕೊಂಡಿದ್ದೆ. ಹುಬ್ಬಳ್ಳಿಗೆ ಹೋಗಿ ಬೇರಿಂಗ್ ತಂದೆವು. ನನಗೆ ಶಾಲೆಯ ರಜೆ ಇತ್ತು, ಬೇಡವೆಂದರೂ ಜೊತೆಗೆ ಹೋದೆ. ಅಂಗಡಿಯವ ಯಾವ ಸೈಜು ಎಂದಾಗ ಇವರು ಹೂಂ ಎಂದುಬಿಟ್ಟರೆ ಎಂಬ ಹೆದರಿಕೆ ನನಗೆ.

ಸೋಮವಾರ ಬೆಳಿಗ್ಗೆ ಅಂಗಳದ ಬೇವಿನ ಮರದ ಕೆಳಗೆ ಮಷಿನ್ ಬಿಚ್ಚಿದರು. ಬಿಚ್ಚುವುದಕ್ಕೆ, ಕೂಡಿಸುವುದಕ್ಕೆ ಅತ್ತೆಯ ಅಡ್ಡಿಯಿಲ್ಲ. ಎತ್ತಿನ ಮೈ ತೊಳೆಯುವುದೂ ಸೋಮವಾರವೇ ಅಲ್ಲವೇ ಎನ್ನುತ್ತಾರೆ. ಹಳೆಯ ಎಣ್ಣೆ ಬಸಿದು, ಕೆಳಗಿನ ಮುಚ್ಚಳ ತೆಗೆದರೆ ಒಳಗೆ ಕ್ರ್ಯಾಂಕ್ ಕಾಣುತ್ತದೆ, ಪಿಸ್ಟನ್ನುಗಳನ್ನು ಕುಣಿಸುವ ದಪ್ಪ ಸೊಟ್ಟ ದಂಡ. ಪ್ರತಿ ಪಿಸ್ಟನ್ನಿನಿಂದ ಇಳಿದುಬಂದ ತೋಳು ಆ ದಂಡವನ್ನು ಹಿಡಿದುಕೊಂಡಿರುತ್ತದೆ. ತೋಳಿಗೂ ದಂಡಕ್ಕೂ ನಡುವೆ ಇರುವುದು ಬೇರಿಂಗ್. ಬಳೆಯನ್ನು ಎರಡು ಹೋಳು ಮಾಡಿದ ಹಾಗೆ ಎರಡು ಚಿಪ್ಪುಗಳು, ಒಳಮೈಗೆ ಮೆತ್ತನೆಯ ಬೆಳ್ಳನೆ ಲೋಹದ ಲೇಪ. ನಮ್ಮ ಹಳೆಯ ಚಿಪ್ಪುಗಳಲ್ಲಿ ಆ ಬಿಳುಪು ಸವೆದು ಕೆಳಗಿನ ತಾಮ್ರದ ಬಣ್ಣ ಎದ್ದಿತ್ತು, ಒಂದರಲ್ಲಿ ಉಗುರಿನಿಂದ ಕೆರೆದಂಥ ಗೀರುಗಳು. ದಂಡ ಹಾಳಾಗದಿರಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ, ತಾನು ಸವೆದು ದೊಡ್ಡದನ್ನು ಉಳಿಸುತ್ತದೆ ಎಂದು ಇವರು ಹೇಳಿದರು. ಅತ್ತೆ ಅದನ್ನು ಕೇಳಿ, ನನ್ನ ಹಾಗೆ ಎಂದರು. ನಾನು, ನನ್ನ ಹಾಗೂ ಹೌದು ಎಂದೆ. ಇವರು ತಮಗೇನೂ ಕೇಳಿಸಲಿಲ್ಲ ಎಂಬಂತೆ ಇದ್ದರು. ಆ ಹೊತ್ತಿನಲ್ಲಿ ನಿಜಕ್ಕೂ ಕೇಳಿಸಿತ್ತೋ ಇಲ್ಲವೋ ನನಗೆ ಈಗಲೂ ಅನುಮಾನ.

ಹೊಸ ಚಿಪ್ಪು ಕೂರಿಸಿ, ನಡುವೆ ಸೀಸದ ತೆಳುವಾದ ತಂತಿಯ ತುಂಡಿಟ್ಟು ಬೋಲ್ಟ್ ಬಿಗಿದು, ಮತ್ತೆ ಬಿಚ್ಚಿ ತಂತಿ ಎಷ್ಟು ಚಪ್ಪಟೆಯಾಗಿದೆ ಎಂದು ಅಳತೆ ನೋಡಿದರು. ಎಣ್ಣೆ ಹರಿಯಲು ಒಳಗೆ ಬೇಕಾದಷ್ಟು ಜಾಗ ಇದೆಯೋ ಇಲ್ಲವೋ ತಿಳಿಯುವ ರೀತಿ ಅದು. ಎಲ್ಲ ತೋಳುಗಳಲ್ಲೂ ಅಳತೆ ಸರಿ ಬಂತು. ದೊಡ್ಡ ಗಾಲಿಯನ್ನು ಕೈಯಿಂದ ತಿರುಗಿಸಿದರೆ ನೀರಿನಂತೆ ತಿರುಗುತ್ತಿತ್ತು. ಮೇಲಿನ ವಾಲ್ವುಗಳನ್ನು ಇನ್ನೂ ಹಾಕಿರಲಿಲ್ಲವಾದ್ದರಿಂದ ಗಾಳಿಯ ತಡೆಯೂ ಇರಲಿಲ್ಲ. ಬಹಳ ದಿನಗಳ ಮೇಲೆ ಇವರ ಮುಖ ಸ್ವಲ್ಪ ಸಡಿಲವಾಗಿತ್ತು. ಊಟ ಮಾಡಿ ಬಂದು ಒರೆಸಿ, ಹೊಸ ಎಣ್ಣೆ ಸವರಿ ಕಾಯಂ ಆಗಿ ಬಿಗಿಯುವುದೆಂದು, ಮತ್ತೊಮ್ಮೆ ಬಿಚ್ಚಿ ಚಿಪ್ಪುಗಳನ್ನೂ ಅವು ಕೂರುವ ಬಟ್ಟಲಿನಂಥ ಟೋಪಿಗಳನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಒಳಗೆ ಬಂದರು.

ನಾವು ಉಣ್ಣುತ್ತಿದ್ದಾಗ ಅತ್ತೆ ತಮ್ಮ ಕೆಲಸ ಮುಗಿಸಿದ್ದರು. ಸೋಮವಾರ, ಹೊಸ ವಸ್ತು, ಪೂಜೆಯಿಲ್ಲದೆ ಒಳಗೆ ಹೋಗುವುದುಂಟೇ? ನಾವು ಹೊರಗೆ ಬಂದಾಗ ಎಲ್ಲ ಚಿಪ್ಪುಗಳ ಮೇಲೆ ಮೂರು ಬೆರಳಿನ ವಿಭೂತಿ ಗೆರೆ, ಕುಂಕುಮದ ಬೊಟ್ಟು, ಮೇಲೆ ಅಕ್ಷತೆ. ಊದಿನಕಡ್ಡಿಯನ್ನು ಸ್ಪ್ಯಾನರಿನ ತೂತಿಗೆ ಸಿಕ್ಕಿಸಿದ್ದರು. ಮನೆಯವರ ಹುಬ್ಬು ಗಂಟಿಕ್ಕಿತು. ಅಕ್ಕಿ ಕೊಡವಿ, ಚಿಪ್ಪುಗಳನ್ನು ಹಿಂದೆ ಮುಂದೆ ಒರೆಸಿ, ಎಣ್ಣೆ ಸವರಿ, ಟೋಪಿಗಳಲ್ಲಿ ಕೂರಿಸಿ ಬೋಲ್ಟ್ ಬಿಗಿದರು.

ಬೇರೆ ಯಾವ ವಾರವಾಗಿದ್ದರೂ ಅದಾದ ಮೇಲೆ ವಾಲ್ವು ಕೂರಿಸಿ, ಎಣ್ಣೆ ತುಂಬಿ ಚಾಲೂ ಮಾಡಿ ನೋಡುತ್ತಿದ್ದರು. ಸೋಮವಾರವಾದ್ದರಿಂದ ಹಾಗೆ ಮಾಡುವಂತಿರಲಿಲ್ಲ. ಕೈ ಸುಮ್ಮನಿರದೆ ಗಾಲಿಯನ್ನು ಹಿಡಿದು ಮೆಲ್ಲಗೆ ತಿರುಗಿಸುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವರ ಕೈ ನಿಂತಿತು. ಮತ್ತೆ ತಿರುಗಿಸಿದರು, ಮತ್ತೆ ನಿಂತಿತು. ಇನ್ನೊಂದು ಕೈಯನ್ನು ಮಷಿನ್ನಿನ ಹೊಟ್ಟೆಯ ಮೇಲೆ ಅಂಗೈ ಪೂರ್ತಿ ಊರಿ ಇಟ್ಟರು.

ಒಳಗೆ ಹಿಡಿಯುತ್ತಿದೆ ಎಂದರು. ನನಗೆ ನನ್ನ ಕಿವಿಯ ಮೇಲೆ ಬಹಳ ಭರವಸೆ. ಸುತ್ತಿಗೆಯ ಮರದ ಹಿಡಿಕೆಯನ್ನು ಮಷಿನ್ನಿಗೆ ಆನಿಸಿ ಕಿವಿಗೊಟ್ಟು ಕೇಳಿದೆ. ಒಂದು ಚೂರೂ ಸಪ್ಪಳವಿಲ್ಲ. ಎಲ್ಲ ಸರಿ ಇದೆ ಎಂದೆ. ಇವರು ಇಲ್ಲ ಎಂದರು. ನಿಮಗೆ ಕೇಳುವುದೇ ಇಲ್ಲ, ನಿಮಗೇನು ಗೊತ್ತು ಎಂದುಬಿಟ್ಟೆ. ಇವರಿಗೆ ಸಿಟ್ಟು ಬರಲಿಲ್ಲ. ನನ್ನ ಕೈ ಹಿಡಿದೆಳೆದು ಮಷಿನ್ನಿನ ಮೇಲೆ ಇಟ್ಟು, ಅದರ ಮೇಲೆ ತಮ್ಮ ಕೈ ಇಟ್ಟರು.

“ಕಿವಿ ಬಿಡು. ಕೈ ಇಡು ಇಲ್ಲೆ,” ಎಂದರು. “ಈಗ ಹಗರ ಐತಿ. ಈಗೂ ಹಗರ. ಇಲ್ಲೆ... ಇಲ್ಲೆ ಹಿಡೀತು.”

ಮೊದಲ ಸುತ್ತಿನಲ್ಲಿ ನನಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ನಡೆಯುವಾಗ ಸೀರೆಯ ಅಂಚು ಎಲ್ಲೋ ತುಸು ಸಿಕ್ಕಿ ಬಿಟ್ಟ ಹಾಗೆ, ಅಷ್ಟೇ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ. ಮಧ್ಯಾಹ್ನದವರೆಗೆ ಸರಿಯಾಗಿದ್ದದ್ದು ಈಗ ಹಿಡಿಯುತ್ತಿದೆ ಎಂದರೆ ನಡುವೆ ಏನೋ ಸೇರಿದೆ ಎಂದು ಇವರು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಇಬ್ಬರೂ ಒಮ್ಮೆಲೇ ಅತ್ತೆಯ ಕಡೆ ನೋಡಿದೆವು. ಅತ್ತೆ ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು.

ಒಂದೊಂದೇ ತೋಳು ಬಿಚ್ಚಿದರು. ನಡುವಿನದರಲ್ಲಿ ಸಿಕ್ಕಿತು. ಚಿಪ್ಪುಗಳನ್ನು ಒರೆಸಿದ್ದರು, ಟೋಪಿಯ ಬಟ್ಟಲನ್ನು ಒರೆಸುವುದು ತಪ್ಪಿತ್ತು. ಅದರ ತಳದ ಎಣ್ಣೆಯ ಜಿಡ್ಡಿಗೆ ಅಕ್ಷತೆಯ ಒಂದು ನುಚ್ಚು ಅಂಟಿಕೊಂಡು, ಬೋಲ್ಟಿನ ಬಿಗಿತಕ್ಕೆ ಜಜ್ಜಿಹೋಗಿ ಹಳದಿ ಚಕ್ಕೆಯಾಗಿ ಕೂತಿತ್ತು. ಅದರ ಮೇಲೆ ಚಿಪ್ಪು ಕೂದಲೆಳೆಯಷ್ಟು ಉಬ್ಬಿತ್ತು. ಇವರು ಅದನ್ನು ಉಗುರಿನಿಂದ ಎಬ್ಬಿಸಿ ಅಂಗೈ ಮೇಲಿಟ್ಟುಕೊಂಡು ನನಗೆ ತೋರಿಸಿದರು. ಹಾಗೆಯೇ ಮಷಿನ್ ಓಡಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಎಣ್ಣೆಗೆ ಜಾಗವಿಲ್ಲದೆ ಚಿಪ್ಪು ಸುಟ್ಟು ಹಿಡಿದುಕೊಂಡು, ತೋಳು ಮುರಿದು, ಮಷಿನ್ನಿನ ಹೊಟ್ಟೆ ಒಡೆಯುತ್ತಿತ್ತು ಎಂದರು. ಮಾರುವ ಮಾತು ಹಾಗಿರಲಿ, ತೂಕಕ್ಕೆ ಹಾಕಬೇಕಾಗುತ್ತಿತ್ತು.

ಅತ್ತೆ ಎದ್ದು ಬಂದು ಆ ಚಕ್ಕೆಯನ್ನು ಬಗ್ಗಿ ನೋಡಿದರು. ಮೊದಲು ಅದು ತಮ್ಮದಲ್ಲ ಎಂದರು. ಆಮೇಲೆ ದೇವರ ಅಕ್ಕಿ ಒಳಗೆ ಹೋದರೆ ಕೆಡಕು ಹೇಗಾಗುತ್ತದೆ ಎಂದು ವಾದ ತೆಗೆದರು. ಕೊನೆಗೆ ಸೆರಗು ಬಾಯಿಗೆ ಹಿಡಿದರು. ಇವರಿಗೆ ತಾಯಿಯ ಮಾತು ಕೇಳಿಸಿರಲಿಲ್ಲ, ಮುಖ ನೋಡಿಯೇ ತಿಳಿದುಕೊಂಡರು.

“ದೇವ್ರು ಹೊರಗ ಇರ್ಲಿ ಯವ್ವಾ,” ಎಂದರು. “ಒಳಗ ಬರೇ ಎಣ್ಣಿ ಇರ್ಲಿ.”

ಆಮೇಲೆ, ನಿನ್ನ ಸೋಮವಾರ ಇರದಿದ್ದರೆ ಇದು ನನ್ನ ಕೈಗೆ ಸಿಗುತ್ತಿರಲಿಲ್ಲ ಎಂದೂ ಹೇಳಿದರು. ಅತ್ತೆಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಬೀದಿಯವರಿಗೆಲ್ಲ ಮಷಿನ್ ಉಳಿದದ್ದು ತಮ್ಮ ಸೋಮವಾರದಿಂದ ಎಂಬ ಸುದ್ದಿ ಮುಟ್ಟಿತ್ತು. ಅಕ್ಕಿಯ ಸುದ್ದಿ ಮುಟ್ಟಿರಲಿಲ್ಲ. ಇವರು ಎಲ್ಲವನ್ನೂ ಮತ್ತೆ ಒರೆಸಿ, ಸೀಸದ ತಂತಿಯಿಟ್ಟು ಅಳತೆ ನೋಡಿ, ಬಿಗಿದು, ಗಾಲಿ ತಿರುಗಿಸಿದರು. ಅಂಗೈಯಿಂದ ಕೇಳಿದರು ಎಂದೇ ಹೇಳಬೇಕು. ಎಷ್ಟು ಹೊತ್ತು ತಿರುಗಿಸಿದರೋ, ನಾನು ಎರಡು ಸಲ ಚಹಾ ಬಿಸಿ ಮಾಡಿದೆ. ಮಾರುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೇಳಿದರೆ ಎಲ್ಲಿ ಹೌದು ಎಂದುಬಿಡುತ್ತಾರೋ ಎಂಬ ಭಯ.

ಮಂಗಳವಾರ ಬಿಸಿಲು ಏರುವ ಮೊದಲು ನರಗುಂದದ ವ್ಯಾಪಾರಿ ಮೋಟಾರ್ ಸೈಕಲ್ ಮೇಲೆ ಬಂದರು. ಬಿಳಿ ಅಂಗಿಯ, ಬಹಳ ಮೆತ್ತಗೆ ಮಾತಾಡುವ ಮನುಷ್ಯ. ವ್ಯಾಪಾರದ ಮಾತನ್ನು ಮೂರನೆಯವರ ಕಿವಿಗೆ ಬೀಳದಂತೆ ಆಡಿ ರೂಢಿ ಅವರಿಗೆ. ಇವರು ವಾಲ್ವು, ಎಣ್ಣೆ, ಬೆಲ್ಟು ಎಲ್ಲ ನೋಡಿ ಟ್ರ್ಯಾಕ್ಟರ್ ಚಾಲೂ ಮಾಡಿದರು. ಕಂಪ್ರೆಸರ್ ಎದ್ದಿತು. ನಾನು ಅಡುಗೆಮನೆಯ ಕಿಟಕಿಯಿಂದಲೇ ಕಿವಿ ಕೊಟ್ಟೆ. ಟಕ್ ಟಕ್ ಎಂಬುದು ಇರಲಿಲ್ಲ. ಒಂದೇ ಸಮನಾದ, ಹೊಟ್ಟೆ ತುಂಬಿದವರ ನಿದ್ದೆಯಂಥ ಸಪ್ಪಳ. ಓಡಿ ಹೋಗಿ ಹೇಳೋಣವೆಂದು ಹೊರಗೆ ಬಂದೆ. ಇವರು ನನ್ನ ಮುಖ ನೋಡಲಿಲ್ಲ. ಮಷಿನ್ನಿನ ಮೇಲೆ ಅಂಗೈಯೂರಿ ಕಣ್ಣು ಮುಚ್ಚಿ ನಿಂತಿದ್ದರು. ನಾನು ಹೇಳುವಂಥದ್ದೇನೂ ಉಳಿದಿರಲಿಲ್ಲ.

ಟಾಕಿ ತುಂಬಿದ ಮೇಲೆ ಬಂದ್ ಮಾಡಿದರು. ವ್ಯಾಪಾರಿ ಹತ್ತಿರ ಬಂದು, ತಮ್ಮ ರೂಢಿಯಂತೆ ತುಟಿ ಅಲುಗಿದರೆ ಅಲುಗಿತು ಎಂಬಷ್ಟು ಮೆತ್ತಗೆ ಮಾತಾಡಿದರು. ನನಗೆ ಕೇಳಿಸಿತು. ಮಷಿನ್ ಒಳ್ಳೆಯದಿದೆ, ಸಂಜೆಯೊಳಗೆ ಒಯ್ಯಲು ಆಳು ಕಳಿಸುತ್ತೇನೆ, ಮಾತು ಮುಗಿಯಿತಲ್ಲ ಎಂದರು. ಹಾಗೆನ್ನುತ್ತ ತಲೆಯಾಡಿಸಿ, ಇವರೂ ತಲೆಯಾಡಿಸಲಿ ಎಂದು ಕಾದರು.

ಒಂದು ಹೂಂ ಎಂದರೆ ಮುಗಿಯಿತು. ಆಡಿದ ಮಾತಿಗೆ ತಪ್ಪುವ ಮನೆತನವಲ್ಲ ನಮ್ಮದು. ನನ್ನ ದೊಡ್ಡ ಗಂಟಲಿನಿಂದ ನಾನೇ ಕೂಗಿ ಹೇಳಬಹುದಿತ್ತು. ಆದರೆ ಹೊರಗಿನವರ ಮುಂದೆ ಇವರಿಗೆ ನಾನು ಕಿವಿಯಾಗಿ ನಿಂತರೆ, ಮಷಿನ್ ಉಳಿದರೂ ಇವರು ಉಳಿಯುವುದಿಲ್ಲ ಎನ್ನಿಸಿತು. ನಾಲಿಗೆ ಕಚ್ಚಿ ಹಿಡಿದೆ. ಇವರ ಗದ್ದ ತುಸು ಕೆಳಗೆ ಬಂತು, ಅಲ್ಲಿಯೇ ನಿಂತಿತು. ಮಷಿನ್ನಿನ ಮೇಲಿನ ಕೈ ತೆಗೆದು ಕಿವಿಯ ಹಿಂದೆ ಇಟ್ಟುಕೊಂಡರು.

“ನನಗ ಕಿವಿ ಬರೋಬರಿ ಕೇಳಂಗಿಲ್ರಿ,” ಎಂದರು. “ಇನ್ನೊಮ್ಮಿ ಜೋರಾಗಿ ಹೇಳ್ರಿ.”

ಅಷ್ಟು ವರ್ಷದ ಸಂಸಾರದಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಬಾಗಿಲಲ್ಲಿ ಕೂತಿದ್ದ ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ವ್ಯಾಪಾರಿ ಒಂದು ಗಳಿಗೆ ಗಲಿಬಿಲಿಯಾಗಿ, ಆಮೇಲೆ ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ಇಡೀ ಓಣಿಗೆ ಕೇಳುವಂತೆ ಮತ್ತೆ ಹೇಳಿದರು. ಇವರು ಪೂರ್ತಿ ಕೇಳಿಸಿಕೊಂಡು, ತಾವು ಅವರನ್ನು ಸುಮ್ಮನೆ ಇಷ್ಟು ದೂರ ಕರೆಸಿದ್ದಕ್ಕೆ ಬೇಸರ ಮಾಡಿಕೊಳ್ಳಬಾರದೆಂದೂ, ಮಷಿನ್ ಮಾರುವುದಿಲ್ಲವೆಂದೂ, ನಾಳೆ ಹೆಂಡತಿಯ ಜೊತೆ ಗದಗಿಗೆ ಹೋಗಿ ಮೊದಲು ಕಿವಿ ತೋರಿಸುವುದಿದೆಯೆಂದೂ ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ, ಮುಚ್ಚಿಡುವಂಥದ್ದೇನಿದೆ.

ವ್ಯಾಪಾರಿ ಒಳ್ಳೆಯ ಮನುಷ್ಯ. ಸಿಟ್ಟು ಮಾಡಲಿಲ್ಲ. ಹಾಗೇ ಗಂಟಲೆತ್ತಿ, ಮಷಿನ್ ಕೊಡದಿದ್ದರೆ ಬೇಡ, ಇಷ್ಟು ಕೂಗಿಸಿದ್ದಕ್ಕಾದರೂ ಒಂದು ಕಪ್ಪು ಚಹಾ ಕೊಡುತ್ತೀರೋ ಇಲ್ಲವೋ ಎಂದು ಒದರಿದರು. ಕೆಲವು ವರ್ಷಗಳಿಂದ ನಮ್ಮ ಮನೆಯವರು ಗುಂಪಿನಲ್ಲಿ ಕೂತರೆ ಮೊದಲು ಉಳಿದವರ ಮುಖ ನೋಡಿ, ಅವರು ನಕ್ಕರೆ ಆಮೇಲೆ ತಾವು ನಗುತ್ತಿದ್ದರು. ಆ ದಿನ ನಮ್ಮೆಲ್ಲರಿಗಿಂತ ಮೊದಲು ನಕ್ಕವರು ಅವರೇ.